ಒಂಬತ್ತನೆಯ ಚಾನೆಲ್‌ನ ಆರು ತಗ್ಗುಗಳು

ಆ ಚಳಿಗಾಲದ ಡೈರಿಯನ್ನು ಈಚೆಗೆ ತೆರೆದಾಗ ಮೊದಲು ಮಾಡಿದ ಕೆಲಸ ಅದರಲ್ಲಿರುವ ಪ್ರಶ್ನಾರ್ಥಕ ಚಿಹ್ನೆಗಳನ್ನು ಎಣಿಸಿದ್ದು. ಡಿಸೆಂಬರ್ ಮೂರರಿಂದ ಜನವರಿ ಹತ್ತೊಂಬತ್ತರವರೆಗೆ ನಲವತ್ತೊಂದು ಇವೆ. ಅದಕ್ಕೂ ಹಿಂದಿನ ಆರು ತಿಂಗಳಲ್ಲಿ ಮೂರೇ ಮೂರು. ಅವುಗಳಲ್ಲಿ ಎರಡು ಹಾಸ್ಟೆಲ್ಲಿನ ಸಾಂಬಾರಿನ ಬಗ್ಗೆ.

ನನಗಾಗ ಇಪ್ಪತ್ಮೂರು. ಮೈಸೂರಿನಿಂದ ಹೈದರಾಬಾದಿಗೆ ಬಂದು ಒಂದೂವರೆ ವರ್ಷವಾಗಿತ್ತು. ಅಮೀರ್‌ಪೇಟೆಯಲ್ಲಿ ವಾಸ, ಮಾಧಾಪುರದಲ್ಲಿ ಕೆಲಸ. ತಂತ್ರಾಂಶ ಪರೀಕ್ಷಿಸುವ ಕೆಲಸ: ಬೇರೆಯವರು ಬರೆದದ್ದರಲ್ಲಿ ತಪ್ಪು ಹುಡುಕುವುದು, ಅದಕ್ಕೊಂದು ಸಂಖ್ಯೆ ಕೊಡುವುದು, ಅದು ಇಲ್ಲವಾಗುವ ತನಕ ಬೆನ್ನು ಹತ್ತುವುದು. ಎಣಿಸುವ ಚಟ ಆಫೀಸಿನಿಂದ ಬಂದದ್ದಲ್ಲ, ಮೊದಲಿನಿಂದಲೂ ಇತ್ತು. ಆಫೀಸು ಅದಕ್ಕೆ ಸಂಬಳ ಕೊಟ್ಟಿತು, ಅಷ್ಟೆ.

ಸಂಜೆ ಹೊತ್ತು ಕನ್ನಡ ಕಿವಿಗೆ ಬೀಳಲಿ ಎಂಬ ಒಂದೇ ಆಸೆಯಿಂದ ಹವ್ಯಾಸಿ ನಾಟಕ ತಂಡವೊಂದನ್ನು ಸೇರಿದ್ದೆ. ಒಂದು ಶಾಲೆಯ ಹಾಲಿನಲ್ಲಿ ಆರೂವರೆಗೆ ತಾಲೀಮು. ನನಗೆ ನಟಿಸಲು ಬರುವುದಿಲ್ಲವೆಂದು ಮೊದಲ ವಾರವೇ ಎಲ್ಲರಿಗೂ ತಿಳಿದುಹೋಯಿತು. ಅಲ್ಲಿಂದ ಮುಂದೆ ಪರದೆ ಎಳೆಯುವುದು, ಮಾತು ಮರೆತವರಿಗೆ ಪುಸ್ತಕ ಹಿಡಿದು ಹೇಳುವುದು ನನ್ನ ಪಾಲಿಗೆ ಬಂತು.

ಬೆಳಕಿನ ಕೆಲಸ ತಂಡದವರೆಲ್ಲ ಕಾಕಾ ಎಂದು ಕರೆಯುತ್ತಿದ್ದವರದು. ಅವರು ಬಾಲಾನಗರದ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ಲಿಂಗಸೂಗೂರಿನ ಕಡೆಯಿಂದ ಹತ್ತೊಂಬತ್ತನೇ ವಯಸ್ಸಿಗೆ ಬಂದವರು. ಹನ್ನೆರಡು ಫೇಡರ್‌ಗಳ ಒಂದು ಮರದ ಡಬ್ಬಿಯನ್ನು ತಾವೇ ಕಟ್ಟಿಕೊಂಡಿದ್ದರು. ಫೇಡರ್ ಎಂದರೆ ಮೇಲೆ ಕೆಳಗೆ ಜಾರುವ ಒಂದು ಗುಂಡಿ. ಮೇಲೆ ತಳ್ಳಿದರೆ ದೀಪ ಏರುತ್ತದೆ, ಕೆಳಗೆಳೆದರೆ ಇಳಿಯುತ್ತದೆ. ಅವರು ಕಾಗದ ಇಟ್ಟುಕೊಂಡವರಲ್ಲ. ಎರಡು ಅಂಗೈ, ಎರಡು ಹೆಬ್ಬೆರಳು, ಕೆಲವೊಮ್ಮೆ ಮೊಣಕೈ, ಇವಿಷ್ಟರಲ್ಲೇ ಎರಡು ಗಂಟೆಯ ನಾಟಕವನ್ನು ಬೆಳಗಿಸುತ್ತಿದ್ದರು.

ಆ ಸಲ ಎರಡು ಸಂಗತಿಗಳು ಒಟ್ಟಿಗೆ ಆದವು. ನಾವು ಪ್ರದರ್ಶನ ಕೊಡಬೇಕಿದ್ದ ರಂಗಮಂದಿರದಲ್ಲಿ ಕಂಪ್ಯೂಟರ್ ಇರುವ ಹೊಸ ಬೆಳಕಿನ ಕನ್ಸೋಲ್ ಕೂರಿಸಿ, ಹೊರಗಿನ ಬೋರ್ಡು ತರಬಾರದೆಂದು ಹೇಳಿಬಿಟ್ಟರು. ಜನವರಿ ಒಂದರಿಂದ ಕಾಕಾ ಅವರಿಗೆ, ಭಾನುವಾರವೂ ಸೇರಿ, ಮಧ್ಯಾಹ್ನ ಎರಡರಿಂದ ರಾತ್ರಿ ಹತ್ತರವರೆಗಿನ ಪಾಳಿ ಬಿತ್ತು. ನಮ್ಮ ನಿರ್ದೇಶಕರು ಬ್ಯಾಂಕಿನಲ್ಲಿ ಅಧಿಕಾರಿ, ಧಾರವಾಡದವರು. ನೇರವಾಗಿ ನನ್ನ ಹತ್ತಿರ ಬಂದರು.

"ನೀವು ದಿನಾ ಕಂಪ್ಯೂಟರ್ ಮುಂದ ಕೂಡವ್ರು. ಇದೂ ಕಂಪ್ಯೂಟರ್ ಅದ. ಮುಗೀತಲ್ಲ?"

ಮುಗಿಯಲಿಲ್ಲ. ನಾಚಾರಂನಲ್ಲಿ ದೀಪ ಬಾಡಿಗೆಗೆ ಕೊಡುವ ಒಂದು ಶೆಡ್ಡಿನಿಂದ ಅದೇ ಮಾದರಿಯ ಕನ್ಸೋಲನ್ನು ಅಭ್ಯಾಸಕ್ಕೆಂದು ತಂದರು. ಅದರ ತತ್ವವನ್ನು ನಾನು ಡೈರಿಯಲ್ಲಿ ಹೀಗೆ ಬರೆದುಕೊಂಡಿದ್ದೇನೆ: ಪ್ರತಿ ದೀಪಕ್ಕೂ ಒಂದು ಚಾನೆಲ್ ಸಂಖ್ಯೆ. ಪ್ರತಿ ಚಾನೆಲ್‌ಗೂ ಸೊನ್ನೆಯಿಂದ ನೂರರವರೆಗೆ ಒಂದು ಮಟ್ಟ. ಎಲ್ಲ ದೀಪಗಳೂ ಬೇಕಾದ ಮಟ್ಟದಲ್ಲಿರುವಾಗ ಆ ಚಿತ್ರವನ್ನು ಹಾಗೇ ಉಳಿಸಿಟ್ಟರೆ ಅದು ಒಂದು ಕ್ಯೂ. ಒಂದು ಕ್ಯೂನಿಂದ ಇನ್ನೊಂದಕ್ಕೆ ಹೋಗಲು ಎಷ್ಟು ಸೆಕೆಂಡ್ ಎಂದು ಹೇಳಿಕೊಡಬೇಕು. ಆಮೇಲೆ ಒಂದೇ ಗುಂಡಿ ಒತ್ತುತ್ತಾ ಹೋದರೆ ಸಾಕು.

ಓದಲು ಎಷ್ಟು ಸರಳ. ಮೊದಲ ಸಂಜೆಯೇ ಹದಿನಾಲ್ಕನೇ ಕ್ಯೂ ಬೇಡವೆನಿಸಿ ಅಳಿಸಿದೆ. ಹದಿನೈದರಿಂದ ಇಪ್ಪತ್ತೆರಡರವರೆಗೆ ಕಿಟಕಿಯ ಬೆಳಕೇ ಮಾಯವಾಯಿತು. ನಾನು ಮುಟ್ಟಿದ್ದು ಒಂದು ಸಾಲು, ಕೆಟ್ಟದ್ದು ಎಂಟು ಸಾಲು. ಆ ಯಂತ್ರ ಪ್ರತಿ ಕ್ಯೂನಲ್ಲೂ ಬದಲಾದದ್ದನ್ನು ಮಾತ್ರ ನೆನಪಿಡುತ್ತದೆ, ಬದಲಾಗದ್ದನ್ನು ಹಿಂದಿನಿಂದ ಹೊತ್ತು ತರುತ್ತದೆ ಎಂದು ಅರ್ಥವಾಗಲು ನನಗೆ ಮೂರು ದಿನ, ಏಳು ಪ್ರಶ್ನಾರ್ಥಕ ಚಿಹ್ನೆ ಬೇಕಾದವು.

ಡಿಸೆಂಬರ್ ಹದಿನಾರರಿಂದ ಹತ್ತೊಂಬತ್ತರವರೆಗೆ ನಾಲ್ಕು ಸಂಜೆ ಕಾಕಾ ಪಕ್ಕ ಕೂತೆ. ಅವರು ತಮ್ಮ ಡಬ್ಬಿಯಲ್ಲಿ ಮಾಡುತ್ತಿದ್ದುದನ್ನೆಲ್ಲ ಸಂಖ್ಯೆಯಾಗಿ ಬರೆದುಕೊಂಡೆ. ನಾನು ಬರೆಯುವುದನ್ನು ನೋಡಿ ಅವರಿಗೆ ತಮಾಷೆ.

"ನಾ ಸೀನಿದ್ರೂ ಬರ್ಕೊಂತಿ ಏನು?"

"ಬೆಳಕು ಅಲುಗಾಡಿದರೆ ಬರ್ಕೋತೀನಿ ಕಾಕಾ."

ಒಟ್ಟು ಮೂವತ್ತೆಂಟು ಕ್ಯೂ ಆದವು. ಅವುಗಳ ಜೊತೆ ಒಂದು ವಿಚಿತ್ರ. ಎರಡನೇ ಅಂಕದಲ್ಲಿ, ಒಂಬತ್ತನೇ ಚಾನೆಲ್‌ನಲ್ಲಿ, ಮಟ್ಟ ಎಪ್ಪತ್ತರಿಂದ ಅರವತ್ತೆರಡಕ್ಕೆ ಇಳಿದು ಮತ್ತೆ ಎಪ್ಪತ್ತಕ್ಕೆ ಏರುತ್ತಿತ್ತು. ಅರ್ಧ ಸೆಕೆಂಡಿನ ಆಟ. ಸಭಿಕರ ಕಣ್ಣಿಗೆ ಬೀಳುವಂಥದ್ದಲ್ಲ. ಗುಂಡಿಯನ್ನೇ ನೋಡುತ್ತಿದ್ದ ನನಗೆ ಬಿತ್ತು. ಹಾಗೆ ಆರು ಸಲ. ಏನಿದು ಎಂದು ಕೇಳಿದೆ.

"ಕೈ ಅದು, ತಂಗಿ. ಐವತ್ತೇಳಾತು. ನಡಗತೈತಿ."

ನಾಲ್ಕು ಸಂಜೆಯೂ ಅವೇ ಆರು ಜಾಗದಲ್ಲಿ ನಡುಗಿತು. ಬೇರೆ ಎಲ್ಲೂ ನಡುಗಲಿಲ್ಲ. ಡೈರಿಯಲ್ಲಿ ಇದರ ಪಕ್ಕ ಎರಡು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದೇನೆ. ಕೊನೆಯ ಸಂಜೆ ಮತ್ತೆ ಕೇಳಿದಾಗ, ಬರೆದಿದ್ದರೆ ಹಾಗೇ ಇಟ್ಟುಬಿಡು, ನನ್ನದೊಂದು ಗುರುತು ಉಳಿದ ಹಾಗಾಗುತ್ತದೆ ಎಂದು ನಕ್ಕರು. ನಾನೂ ನಕ್ಕೆ. ಆಮೇಲೆ ಕನ್ಸೋಲಿಗೆ ಹಾಕುವಾಗ ಆರನ್ನೂ ಕೈಬಿಟ್ಟೆ. ಕಾರಣವಿಲ್ಲದ ಬದಲಾವಣೆ ನನ್ನ ಕಸುಬಿನಲ್ಲಿ ದೋಷ. ದೋಷ ಕಂಡರೆ ತೆಗೆಯುವುದು ನನಗೆ ಗೊತ್ತಿದ್ದ ಒಂದೇ ವಿದ್ಯೆ.

ಆ ಎರಡನೇ ಅಂಕದ ಬಗ್ಗೆ ಹೇಳಬೇಕು. ನಾಟಕ ಒಂದು ನೇಕಾರರ ಮನೆಯದು. ತಾಯಿ ರಂಗದ ಮುಂಭಾಗದಲ್ಲಿ, ಸಭಿಕರ ಕಡೆ ಮುಖ ಮಾಡಿ, ಮೊರದಲ್ಲಿ ಜೋಳ ಹಸನು ಮಾಡುತ್ತಾ ಕೂತಿರುತ್ತಾಳೆ. ಅವಳ ಬೆನ್ನ ಹಿಂದೆ ಇಬ್ಬರು ಗಂಡುಮಕ್ಕಳು ಮಗ್ಗ ಇಡಬೇಕೋ ತೆಗೆಯಬೇಕೋ ಎಂದು ಜಗಳವಾಡುತ್ತಾರೆ. ಅವಳು ಹಿಂತಿರುಗಿ ನೋಡದೆ ಉತ್ತರ ಕೊಡುತ್ತಾಳೆ. ಅವಳು ತಿರುಗದಿರುವುದೇ ಆ ದೃಶ್ಯದ ಜೀವ ಎಂದು ನಿರ್ದೇಶಕರು ಹೇಳುತ್ತಿದ್ದರು. ಒಂಬತ್ತನೇ ಚಾನೆಲ್ ಅವಳ ಮುಂದಿನ ಮೊರದ ಮೇಲೆ ಬೀಳುವ ಸಣ್ಣ ದೀಪ.

ತಾಯಿಯ ಪಾತ್ರ ಅಕ್ಕೋರದು. ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದವರಾದ್ದರಿಂದ ಎಲ್ಲರೂ ಹಾಗೇ ಕರೆಯುತ್ತಿದ್ದರು. ಗುಲಬರ್ಗಾ ಕಡೆಯ ಮನೆತನ, ಹುಟ್ಟಿ ಬೆಳೆದದ್ದು ಹೈದರಾಬಾದಿನಲ್ಲೇ. ಎರಡು ವರ್ಷದ ಹಿಂದೆ, ಇನ್ನೂ ಸೇವೆ ಉಳಿದಿರುವಾಗಲೇ, ಶಾಲೆ ಬಿಟ್ಟಿದ್ದರು. ಏಕೆಂದು ಕೇಳಿದರೆ ಸಾಕಾಯಿತು ಎನ್ನುತ್ತಿದ್ದರು. ಮಾತಾಡುವಾಗ ಎದುರಿನವರ ಮುಖವನ್ನು ಎಷ್ಟು ನೆಟ್ಟು ನೋಡುತ್ತಿದ್ದರೆಂದರೆ, ನನಗೆ ಸುಳ್ಳು ಹೇಳಲು ಭಯವಾಗುತ್ತಿತ್ತು. ನಾಟಕ ಬಿಟ್ಟರೆ ಅವರಿಗೆ ಮನೆಯಿಂದ ಹೊರಗೆ ಬೇರೆ ಕೆಲಸವಿರಲಿಲ್ಲ.

ಜನವರಿ ಮೂರು, ಶುಕ್ರವಾರ. ಕಾಕಾ ಇಲ್ಲದ, ಪೂರ್ತಿ ಕನ್ಸೋಲ್ ಮೇಲೆ ನಡೆದ ಮೊದಲ ತಾಲೀಮು. ಮೂವತ್ತೆಂಟು ಕ್ಯೂಗಳೂ ಸಮಯಕ್ಕೆ ಸರಿಯಾಗಿ ಬಂದವು. ಬೆಳಕು ಈಗ ಕಲ್ಲಿನ ಹಾಗೆ ನಿಂತಿದೆ ಎಂದು ನಿರ್ದೇಶಕರು ಮೆಚ್ಚಿದರು. ಆದರೆ ಅಕ್ಕೋರು ತಪ್ಪಿದರು. ನಾಲ್ಕು ಕಡೆ ಮಗನ ಮಾತು ಮುಗಿಯುವ ಮೊದಲೇ ಮಾತಾಡಿದರು. ಎರಡು ಕಡೆ ಅವನ ಮಾತು ಮುಗಿದರೂ ಸುಮ್ಮನೆ ಜೋಳ ಆಡಿಸುತ್ತಾ ಕೂತರು. ನಾನು ಪುಸ್ತಕದಿಂದ ಮಾತು ಎತ್ತಿಕೊಟ್ಟರೂ ತಿರುಗಲಿಲ್ಲ. ಇಷ್ಟು ವರ್ಷದಲ್ಲಿ ಅವರು ಮಾತು ಮರೆತದ್ದನ್ನು ಯಾರೂ ಕಂಡಿರಲಿಲ್ಲವಂತೆ.

ತಪ್ಪು ನನ್ನದೇ ಇರಬಹುದೆಂದು ನನಗೆ ಅನಿಸಿತು, ಎಲ್ಲಿ ಎಂದು ಮಾತ್ರ ತಿಳಿಯಲಿಲ್ಲ. ಬೆಳಕು ಬದಲಾಗುವ ವೇಗ ಅವರಿಗೆ ತೊಂದರೆ ಕೊಡುತ್ತಿದೆಯೇನೋ ಎಂದು ಐದು ಸೆಕೆಂಡಿನ ಕ್ಯೂಗಳನ್ನು ನಾಲ್ಕಕ್ಕೆ ಇಳಿಸಿದೆ. ಜನವರಿ ಐದು: ಐದು ತಪ್ಪು. ಗೆದ್ದೆ ಅಂದುಕೊಂಡು ಮೂರಕ್ಕೆ ಇಳಿಸಿದೆ. ಜನವರಿ ಎಂಟು: ಆರು ತಪ್ಪು. ಮತ್ತೆ ಐದಕ್ಕೆ ಏರಿಸಿದೆ. ಜನವರಿ ಹತ್ತು: ಆರು. ಕಣ್ಣಿಗೆ ದೀಪ ಹೊಡೆಯುತ್ತದೆಯೇ ಎಂದು ಅಕ್ಕೋರನ್ನೇ ಕೇಳಿದೆ. ಅವರು ನನ್ನ ಬಾಯಿಯನ್ನೇ ನೋಡುತ್ತಿದ್ದು, ಹೇಳಿದರು:

"ದೀಪ ಛಲೋನೇ ಅದಮ್ಮಾ. ಭಾಳ ಛಲೋ ಅದ."

ಅದನ್ನು ಹೇಳಿದ ರೀತಿಯಲ್ಲಿ ಮೆಚ್ಚುಗೆ ಇರಲಿಲ್ಲ. ಇದ್ದದ್ದು ಏನು ಎಂದು ಆಗ ನನಗೆ ಗೊತ್ತಾಗಲಿಲ್ಲ. ಆ ಪುಟದಲ್ಲಿ ಐದು ಪ್ರಶ್ನಾರ್ಥಕ ಚಿಹ್ನೆಗಳಿವೆ.

ಆ ದಿನ ತಾಲೀಮು ಮುಗಿದ ಮೇಲೆ ನಿರ್ದೇಶಕರು ನನ್ನನ್ನೂ ದೊಡ್ಡ ಮಗನ ಪಾತ್ರದವನನ್ನೂ ಪಕ್ಕಕ್ಕೆ ಕರೆದರು. ಅಕ್ಕೋರಿಗೆ ಭಾನುವಾರ ಕೊನೆಯ ಅವಕಾಶ ಎಂದರು. ನಿರ್ದೇಶಕರ ನಾದಿನಿಗೆ ತಾಯಿಯ ಪಾತ್ರದ ಮಾತು ಬಾಯಿಪಾಠವಿದೆಯಂತೆ.

"ಅವತ್ತೂ ಹಿಂಗ ಆದ್ರ ಅವರನ್ನ ಕೂಡಸ್ತೀನಿ. ಮನಸ್ಸಿಗೆ ಭಾಳ ಕೆಟ್ಟ ಅನಸ್ತದ. ಆದ್ರ ಅಕ್ಕೋರಿಗೆ ವಯಸ್ಸಾತು, ಇನ್ನ ನಾಟಕ ಬ್ಯಾಡ ಅಂತ ನಾನಽ ಹೇಳಬೇಕಾಗ್ತದ."

ಅಕ್ಕೋರು ಅಲ್ಲೇ ಐದು ಹೆಜ್ಜೆ ದೂರದಲ್ಲಿ, ನಮಗೆ ಬೆನ್ನು ಮಾಡಿ ಸೀರೆ ಮಡಿಸುತ್ತಿದ್ದರು. ನಿರ್ದೇಶಕರದು ಸಣ್ಣ ದನಿಯಲ್ಲ. ಅಕ್ಕೋರ ಕೈ ಒಂದು ಕ್ಷಣವೂ ನಿಲ್ಲಲಿಲ್ಲ. ಕೇಳಿಯೂ ಕೇಳದ ಹಾಗಿರುವ ದೊಡ್ಡತನ ಎಂದು ಡೈರಿಯಲ್ಲಿ ಬರೆದೆ. ಈಗ ಓದಿದರೆ ನಾಚಿಕೆಯಾಗುತ್ತದೆ.

ಶನಿವಾರ ರಜೆ. ಬೆಳಿಗ್ಗೆ ಹಾಸ್ಟೆಲ್ಲಿನ ಮಂಚದ ಮೇಲೆ ನಾಲ್ಕು ತಾಲೀಮಿನ ತಪ್ಪುಗಳನ್ನು ಒಂದು ಪಟ್ಟಿ ಮಾಡಿದೆ. ಒಟ್ಟು ಇಪ್ಪತ್ಮೂರು ತಪ್ಪು, ಜಾಗ ಮಾತ್ರ ಆರೇ. ಆರೂ ಎರಡನೇ ಅಂಕದವು. ಪಕ್ಕದ ಪುಟದಲ್ಲಿ ಡಿಸೆಂಬರಿನಲ್ಲಿ ಬರೆದಿದ್ದ ಕಾಕಾ ಕೈ ನಡುಕದ ಪಟ್ಟಿ ಇತ್ತು. ಅದರಲ್ಲೂ ಆರು. ಸಾಲಿಗೆ ಸಾಲು ಕೂಡಿತು.

ಕೂಡಿದ್ದರಿಂದ ಗೊಂದಲ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ. ಮೊರದ ಮೇಲಿನ ದೀಪ ಎಂಟು ಅಂಕಿ ಇಳಿದು ಏರುವುದಕ್ಕೂ ಒಬ್ಬರಿಗೆ ಮಾತು ನೆನಪಾಗುವುದಕ್ಕೂ ಏನು ಸಂಬಂಧ? ಇದೇನು ನಂಬಿಕೆಯೇ, ಹರಕೆಯೇ? ಬಾಲಾನಗರದ ಬಸ್ಸು ಹತ್ತಿದೆ.

ಕಾರ್ಖಾನೆಯ ಗೇಟಿನ ಎದುರು ಒಂದು ಚಹಾ ಅಂಗಡಿ, ಅದರ ಪಕ್ಕ ಸುಣ್ಣ ಬಳಿದ ಉದ್ದನೆಯ ಕಾಂಪೌಂಡ್ ಗೋಡೆ. ಒಂದೂವರೆಗೆ ಕಾಕಾ ಊಟದ ಡಬ್ಬಿ ಹಿಡಿದು ಬಂದರು. ನನ್ನನ್ನು ನೋಡಿ ಮೊದಲು ಹೆದರಿದರು, ಯಾರಿಗಾದರೂ ಏನಾದರೂ ಆಯಿತೇ ಎಂದು. ನಾನು ಪಟ್ಟಿ ತೋರಿಸಿದೆ. ಆರನ್ನೂ ತೆಗೆದದ್ದು, ಭಾನುವಾರದ ಗಡುವು, ನಾದಿನಿ, ಎಲ್ಲ ಹೇಳಿದೆ. ಅವರು ಚಹಾದ ಲೋಟ ಕೈಗೆತ್ತಿಕೊಂಡರು.

"ನಾ ಮಾತು ಕೊಟ್ಟೀನಿ ತಂಗಿ. ಹೇಳಾಕ ಬರೂದಿಲ್ಲ."

ಏನು ಮಾತು, ಯಾರಿಗೆ ಎಂದೆ. ಅವರು ಲೋಟ ಕೆಳಗಿಟ್ಟು, ಆ ಗೋಡೆಗೆ ಮುಖ ಮಾಡಿ ನಿಲ್ಲಲು ಹೇಳಿದರು. ತಾವು ಹಿಂದೆ ನಿಂತು ಏನೋ ಮಾತಾಡುತ್ತಾರಂತೆ. ಅವರ ಮಾತು ಮುಗಿದ ಕೂಡಲೇ ನಾನು ಹೂಂ ಅನ್ನಬೇಕಂತೆ. ತಿರುಗಬಾರದು.

ನಿಂತೆ. ಹಿಂದೆ ರಸ್ತೆಯಲ್ಲಿ ಲಾರಿಗಳು, ಏಳು ಆಸನದ ಆಟೋಗಳು, ಬಸ್ಸುಗಳು. ಒಳಗೆಲ್ಲೋ ಕಬ್ಬಿಣ ಬಡಿಯುವ ಸದ್ದು. ಕಾಕಾ ಮಾತಾಡುತ್ತಿದ್ದಾರೋ ಇಲ್ಲವೋ ತಿಳಿಯಲಿಲ್ಲ. ಅಂದಾಜಿನ ಮೇಲೆ ಹೂಂ ಅಂದೆ. ಭುಜ ತಟ್ಟಿ, ಇನ್ನೂ ಮುಗಿದಿಲ್ಲ ಎಂದರು. ಮತ್ತೆ ಶುರು. ಈ ಸಲ ಕಾದೆ. ಎಷ್ಟು ಕಾಯುವುದು? ಚಹಾ ಅಂಗಡಿಯವರೆಲ್ಲ ನನ್ನನ್ನೇ ನೋಡುತ್ತಿರುವಂತೆ ಅನಿಸಿತು. ಆಗ ಮತ್ತೆ ಭುಜ ತಟ್ಟಿ, ಆಗಲೇ ಮುಗಿದುಹೋಯಿತು ಎಂದರು.

ಮೂರನೇ ಸಲ ನನ್ನೆದುರಿನ ಬಿಸಿಲಿನ ಗೋಡೆಯ ಮೇಲೆ ಒಂದು ಕೈಯ ನೆರಳು ಸರಕ್ಕನೆ ಹಾದುಹೋಯಿತು. ಏನೂ ಯೋಚಿಸದೆ ಹೂಂ ಅಂದೆ.

ತಿರುಗಿದಾಗ ಕಾಕಾ ಕೈ ಇನ್ನೂ ಗಾಳಿಯಲ್ಲೇ ಇತ್ತು.

"ನಾ ಏನೂ ಹೇಳಿಲ್ಲ. ನೀನಽ ತಿಳ್ಕೊಂಡಿ."

ಎದುರಿಗೆ ಮುಖ ಕಂಡರೆ ಅಕ್ಕೋರು ತುಟಿ ಓದುತ್ತಿದ್ದರು. ಬೆನ್ನ ಹಿಂದಿನ ಮಾತು ಮಾತ್ರ ಅವರಿಗೆ ಮೂರು ವರ್ಷದಿಂದ ಕೇಳುತ್ತಿರಲಿಲ್ಲ. ಶಾಲೆ ಬಿಟ್ಟದ್ದೂ ಅದಕ್ಕೇ: ಕರಿಹಲಗೆಗೆ ತಿರುಗಿದರೆ ಹಿಂದೆ ಮಕ್ಕಳು ಕೇಳುವ ಪ್ರಶ್ನೆ ಗೊತ್ತಾಗುತ್ತಿರಲಿಲ್ಲ. ನಾಟಕವನ್ನೂ ಕಿತ್ತುಕೊಳ್ಳುತ್ತಾರೆಂಬ ಭಯಕ್ಕೆ ಯಾರಿಗೂ ಹೇಳಿರಲಿಲ್ಲ. ಕಾಕಾ ತಾವಾಗಿಯೇ ಕಂಡುಕೊಂಡಿದ್ದರು, ದಿನವೆಲ್ಲ ಯಂತ್ರದ ಸದ್ದಿನಲ್ಲಿ ಕೈಸನ್ನೆಯಲ್ಲಿ ಮಾತಾಡುವವರಾದ್ದರಿಂದ. ಯಾರಿಗೂ ಹೇಳುವುದಿಲ್ಲವೆಂದು ಅಕ್ಕೋರಿಗೆ ಮಾತು ಕೊಟ್ಟು, ಮಗನ ಮಾತು ಮುಗಿದಾಗಲೆಲ್ಲ ಮೊರದ ದೀಪ ತಗ್ಗಿಸಿ ಸನ್ನೆ ಮಾಡುತ್ತಿದ್ದರು. ಇವಿಷ್ಟನ್ನೂ ಅವರು ಹೇಳಲಿಲ್ಲ; ನಾನು ಒಂದೊಂದೇ ಕೇಳುತ್ತಾ ಹೋದೆ, ಅವರು ಇಲ್ಲವೆನ್ನಲಿಲ್ಲ. ಸೈರನ್ ಆಯಿತು. ಒಳಗೆ ಹೋಗುವ ಮೊದಲು ಒಂದು ಮಾತು ಹೇಳಿದರು: "ನಿನ್ನ ಯಂತ್ರಕ್ಕ ಹುಡುಗನ ಮಾತು ಯಾವಾಗ ಮುಗೀತೈತಿ ಅಂತ ಹೆಂಗ ಗೊತ್ತಾಗಬೇಕು? ಅದು ನಿನ್ನ ಕೆಲಸ."

ಭಾನುವಾರ ಎಲ್ಲರಿಗಿಂತ ಎರಡು ಗಂಟೆ ಮೊದಲು ಶಾಲೆಯ ಹಾಲಿಗೆ ಹೋದೆ. ಎರಡನೇ ಅಂಕದಲ್ಲಿ ಒಂಬತ್ತನೇ ಚಾನೆಲನ್ನು ಒಂದು ಪ್ರತ್ಯೇಕ ಫೇಡರಿಗೆ ಕಟ್ಟಿ, ಕೈಯಿಂದಲೇ ಇಳಿಸಿದೆ. ದೀಪ ಇಳಿಯಲಿಲ್ಲ. ಫೇಡರ್ ಪೂರ್ತಿ ಕೆಳಗೆ ಬಂದರೂ ಮೊರದ ಜಾಗದಲ್ಲಿ ಎಪ್ಪತ್ತರ ಬೆಳಕು ಹಾಗೇ ನಿಂತಿತ್ತು. ಅಳುವುದೊಂದು ಬಾಕಿ. ಕೈಪಿಡಿಯನ್ನು ಮೂರು ಸಲ ಓದಿದ ಮೇಲೆ ತಿಳಿಯಿತು: ಒಂದೇ ದೀಪಕ್ಕೆ ಕ್ಯೂ ಒಂದು ಮಟ್ಟ ಹೇಳಿ, ಫೇಡರ್ ಇನ್ನೊಂದು ಹೇಳಿದರೆ, ಯಂತ್ರ ಎರಡರಲ್ಲಿ ಹೆಚ್ಚಿನದನ್ನು ಒಪ್ಪುತ್ತದೆ. ಯಂತ್ರದ ನೆನಪಿನಿಂದ ಆ ದೀಪವನ್ನು ಪೂರ್ತಿ ಅಳಿಸಿದರೆ ಮಾತ್ರ ಅದು ಕೈಗೆ ಸಿಗುತ್ತದೆ. ಹನ್ನೊಂದು ಕ್ಯೂಗಳಿಂದ ಒಂಬತ್ತನೇ ಚಾನೆಲನ್ನು ಒಂದೊಂದಾಗಿ ಕಿತ್ತುಹಾಕಿದೆ. ಪ್ರತಿ ಸಲವೂ ಮುಂದಿನ ಸಾಲು ಕೆಟ್ಟಿತೇ ಎಂದು ನೋಡಿದೆ.

ತಾಲೀಮು ಶುರುವಾಯಿತು. ಎಡಗೈ ಕ್ಯೂ ಗುಂಡಿಯ ಮೇಲೆ, ಬಲಗೈ ಆ ಒಂದು ಫೇಡರಿನ ಮೇಲೆ. ದೊಡ್ಡ ಮಗ ತನ್ನ ಮೊದಲ ಮಾತು ಮುಗಿಸಿದ. ಇಳಿಸಿದೆ, ಏರಿಸಿದೆ. ಅಕ್ಕೋರ ಕೈಯಲ್ಲಿ ಮೊರ ಅರೆಕ್ಷಣ ನಿಂತಿತು. ಆಮೇಲೆ ಮಾತು ಬಂತು, ಎಲ್ಲಿ ಬರಬೇಕೋ ಅಲ್ಲೇ. ಹಾಗೆ ಆರು ಸಲ. ಪಟ್ಟಿಯಲ್ಲಿ ಅಂದಿನ ಲೆಕ್ಕ ಸೊನ್ನೆ. ನಾದಿನಿಯ ಮಾತು ಮತ್ತೆ ಬರಲಿಲ್ಲ. ಎರಡು ದಿನದಲ್ಲಿ ಏನು ಔಷಧಿ ತೆಗೆದುಕೊಂಡಿರಿ ಎಂದು ನಿರ್ದೇಶಕರು ಕೇಳಿದರಂತೆ. ಅಕ್ಕೋರು, ಹೈದರಾಬಾದಿನಲ್ಲಿ ಎಲ್ಲದಕ್ಕೂ ಬಿರಿಯಾನಿಯೇ ಔಷಧಿ ಎಂದು ಹೇಳಿ, ಶುದ್ಧ ಶಾಕಾಹಾರಿಯಾದ ಅವರನ್ನು ತಬ್ಬಿಬ್ಬು ಮಾಡಿದರಂತೆ. ಹೊರಡುವಾಗ ಅಕ್ಕೋರು ಬಾಗಿಲ ಹತ್ತಿರ ಒಂದು ಸಲ ತಿರುಗಿ, ಕನ್ಸೋಲನ್ನು ನೋಡಿ ಹೋದರು.

ಜನವರಿ ಹತ್ತೊಂಬತ್ತರಂದು ಪ್ರದರ್ಶನ. ಸಭೆ ತುಂಬಿತ್ತು. ಮೊದಲ ನಾಲ್ಕು ತಗ್ಗುಗಳು ಸರಿಯಾಗಿ ಬಂದವು. ಐದನೆಯದರಲ್ಲಿ ಗಾಬರಿಯಿಂದ ನನ್ನ ಕೈ ಬಿಗಿಯಿತು. ಅರವತ್ತೆಂಟಕ್ಕೆ ಬಂದು ಅಲ್ಲಿಂದಲೇ ಹಿಂದೆ ಹೋಯಿತು. ಅಷ್ಟು ಸಣ್ಣ ಬದಲಾವಣೆ ಕಣ್ಣಿಗೆ ಕಾಣುವುದು ಸಾಧ್ಯವೇ ಇಲ್ಲ. ಆದರೂ ಅಕ್ಕೋರು ಸರಿಯಾದ ಜಾಗದಲ್ಲಿ ಉತ್ತರ ಕೊಟ್ಟರು. ನಾಟಕ ಮುಗಿದು ಚಪ್ಪಾಳೆ ಬೀಳುವಾಗಲೂ ನನ್ನ ತಲೆಯಲ್ಲಿ ಅದೇ ಕೊರೆಯುತ್ತಿತ್ತು. ಕಾಣದಿದ್ದರೆ ಹೇಗೆ ಗೊತ್ತಾಯಿತು? ಕಂಡಿತ್ತೇ? ಹಾಗಾದರೆ ಬೇರೇನೋ ಇದೆಯೇ?

ತಂಡದಲ್ಲಿ ಒಂದು ಪದ್ಧತಿ ಇತ್ತು: ಪ್ರತಿ ನಾಟಕದ ಬೆಳಕಿನ ಪಟ್ಟಿಯನ್ನು ದೊಡ್ಡದೊಂದು ರಿಜಿಸ್ಟರಿಗೆ ಅಂಟಿಸಿಡುವುದು, ಮುಂದೆ ಯಾರು ಬೇಕಾದರೂ ಅದನ್ನು ನೋಡಿ ನಡೆಸಲಿ ಎಂದು. ಕಾಕಾ ನಾಟಕಗಳ ಪುಟಗಳೆಲ್ಲ ಖಾಲಿ. ಮಾರ್ಚಿನಲ್ಲಿ ಇದೇ ನಾಟಕ ಗುಲಬರ್ಗಾದಲ್ಲಿ ಆಗಬೇಕಿತ್ತು. ನನಗೆ ಆ ವಾರ ರಜೆ ಸಿಗುವಂತಿರಲಿಲ್ಲ, ಕಾಕಾ ಅವರಿಗೂ ಅಷ್ಟೆ. ಅಲ್ಲಿ ಬೇರೊಬ್ಬರು ಕನ್ಸೋಲ್ ಮುಂದೆ ಕೂರುತ್ತಾರೆ. ಆರು ಸಾಲುಗಳನ್ನು ಬರೆಯದಿದ್ದರೆ ಅಕ್ಕೋರು ಅಲ್ಲಿ ಮತ್ತೆ ಆ ಗೋಡೆಯೆದುರು ನಿಂತಂತೆ. ಬರೆದರೆ, ಪಟ್ಟಿಯಲ್ಲಿ 'ಯಾಕೆ' ಎಂಬ ಕೊನೆಯ ಕಾಲಂ ಒಂದಿದೆ. ಅದನ್ನು ಮಾಡಿದವಳು ನಾನೇ.

ಎರಡು ದಿನ ಆ ಕಾಲಂ ಖಾಲಿ ಇತ್ತು. ಕೊನೆಗೆ ಆರು ಸಾಲಿಗೂ ಒಂದೇ ವಾಕ್ಯ ಬರೆದೆ: ಹಿಂದಿರುವ ಮಗನ ಮಾತು ಮುಗಿದ ಕೂಡಲೇ, ಕೈಯಿಂದಲೇ, ಕಾರಣ ತಿಳಿಯದಿದ್ದರೂ ತೆಗೆಯಬಾರದು. ಅಂಟಿಸುವ ಮೊದಲು ಅಕ್ಕೋರ ಮನೆಗೆ ಹೋಗಿ, ಅವರೆದುರು ಕೂತು, ಕಾಗದ ಕೊಟ್ಟೆ.

ಕನ್ನಡಕ ಹಾಕಿಕೊಂಡು ಮೇಲಿನಿಂದ ಕೆಳಗೆ ಓದಿದರು. ಉತ್ತರ ಪತ್ರಿಕೆ ತಿದ್ದುವವರ ಹಾಗೆ ಬೆರಳು ಒಂದೊಂದೇ ಸಾಲಿನ ಮೇಲೆ ಜಾರಿತು. ಕೊನೆಯ ಕಾಲಂ ತಲುಪಿದಾಗ ಬೆರಳು ಅಲ್ಲೇ ನಿಂತಿತು. ಆಮೇಲೆ ನನ್ನ ಜೇಬಿನ ಪೆನ್ನು ಕೇಳಿ ತೆಗೆದುಕೊಂಡು, ಆರು ಕಡೆಯೂ ಅರವತ್ತೆರಡನ್ನು ಹೊಡೆದುಹಾಕಿ ಅರವತ್ತು ಎಂದು ಬರೆದರು.

"ಗುಲಬರ್ಗಾದಾಗ ಯಾರು ಕೂಡ್ತಾರೋ ಏನೋ. ಎರಡು ಅಂಕಿ ಜಾಸ್ತಿ ಇಳೀಲಿ."

ಐದನೆಯದು ನಿಮಗೆ ಕಾಣಿಸಿತೇ ಎಂದು ಕೇಳಿದೆ. ಇಲ್ಲ ಎಂದರು.

"ಮತ್ತೆ ಹೇಗೆ ಹೇಳಿದಿರಿ?"

"ಎಣಿಸಿದೆ. ಆ ಮಾತು ಮುಗಸ್ಲಿಕ್ಕೆ ಅವಗ ಹನ್ನೊಂದು ಎಣಿಕಿ ಬೇಕು. ಎಲ್ಲಾದಕ್ಕೂ ಎಣಸ್ತೀನಮ್ಮಾ. ಆದ್ರ ಕಳೆದ ವಾರ ಅವ ಹದಿನೈದು ತೊಗೊಂಡ, ಎಂಟನೇ ತಾರೀಖಿನ ದಿನ ಒಂಬತ್ತಕ್ಕ ಮುಗಿಸಿದ. ದೀಪ ಇಲ್ಲದಿದ್ರ ನಾ ಯಾವುದನ್ನ ನಂಬಲಿ?"

ಹಾಗಾದರೆ ಪ್ರದರ್ಶನದ ದಿನ ಹನ್ನೊಂದೇ ಎಂದು ಹೇಗೆ ಗೊತ್ತಾಯಿತು ಎಂದು ಕೇಳಬೇಕೆನಿಸಿತು. ಅಷ್ಟರಲ್ಲಿ ಅವರು ಪೆನ್ನು ಹಿಂದಿರುಗಿಸಿ ಚಹಾಕ್ಕೆ ನೀರಿಡಲು ಒಳಗೆ ಹೋದರು. ಅಡುಗೆಮನೆಯಲ್ಲಿ ಅವರ ಬೆನ್ನು ನನ್ನ ಕಡೆಗಿತ್ತು. ಸಕ್ಕರೆ ಒಂದೇ ಚಮಚ ಸಾಕು ಎಂದು ಹೇಳಬೇಕಿತ್ತು. ಕೂಗಲು ಬಾಯಿ ತೆರೆದವಳು ಸುಮ್ಮನಾಗಿ ಎದ್ದು, ಸ್ವಿಚ್ಚಿನ ಹತ್ತಿರ ಹೋಗಿ, ಅಡುಗೆಮನೆಯ ದೀಪವನ್ನು ಒಂದು ಸಲ ಆರಿಸಿ ಹಚ್ಚಿದೆ. ಅವರು ತಿರುಗಿದರು. ನಾನು ಒಂದು ಬೆರಳು ತೋರಿಸಿದೆ.